ಒಡೆದ ಮನೆಯ ಮರ, ಆಳೆತ್ತರದ ಕೋಳಿಮನೆ



ಮಲೆನಾಡಿನ ಯಾವ ಹಳ್ಳಿಗೆ ಹೋದರೂ ಕೋಳಿ ಸಾಕುವ ಮನೆಗಳ ಹಿತ್ತಲಿನಲ್ಲಿ ಒಂದು ಒಡ್ಡಿ ಕಾಣಸಿಗುತ್ತದೆ. ಎತ್ತರ ಎರಡೂವರೆ ಅಡಿ, ಬಾಗಿಲು ಒಂದು ಅಡಿ. ಸುತ್ತ ಅಡಿಕೆ ದಬ್ಬೆ, ಮೇಲೆ ಸೋಗೆ ಅಥವಾ ತುಕ್ಕು ಹಿಡಿದ ತಗಡು. ಸಂಜೆ ಕೋಳಿಗಳನ್ನು ಅಟ್ಟಿ ಬಾಗಿಲಿಗೊಂದು ಕಲ್ಲು ಒತ್ತಿದರೆ ದಿನದ ಕೆಲಸ ಮುಗಿಯಿತು. ಅದನ್ನು ಶುಚಿಗೊಳಿಸುವ ಕೆಲಸ ಮಾತ್ರ ಮನೆಯ ಹೆಂಗಸರ ಪಾಲಿನದು. ಮೊಣಕಾಲೂರಿ, ತಲೆಯನ್ನು ಒಳಗೆ ತೂರಿಸಿ, ಕೈಗೆಟುಕಿದಷ್ಟನ್ನು ಕೆರೆದು ತೆಗೆಯಬೇಕು. ಎಟುಕದ ಮೂಲೆಯಲ್ಲಿ ಹಿಕ್ಕೆ ವರ್ಷಗಟ್ಟಲೆ ಉಳಿಯುತ್ತದೆ. ರೋಗದ ಬೀಜ ಕೂರುವುದು ಆ ಮೂಲೆಯಲ್ಲಿಯೇ.

ಆದುದರಿಂದ ಇಂದಿನ ಮಾತಿನ ವಿಷಯ ಸರಳವಾದದ್ದು: ಮನುಷ್ಯನು ನೆಟ್ಟಗೆ ನಿಂತು ಒಳಹೋಗಬಲ್ಲ ಕೋಳಿಮನೆ, ಅದೂ ಹೊಸ ಮರ ಕಡಿಯದೆ, ಹೊಸ ಸಿಮೆಂಟು ಹೆಚ್ಚು ತಾರದೆ, ಒಮ್ಮೆ ಬಳಸಿ ಬಿಟ್ಟ ಸಾಮಗ್ರಿಯಿಂದಲೇ ಕಟ್ಟಿದ್ದು. ಈ ವಿಷಯವನ್ನು ಕಾಡಿನ ಅಂಚಿನಿಂದ ಆರಂಭಿಸದೆ ಮೈಸೂರು ನಗರದ ಲಷ್ಕರ್ ಮೊಹಲ್ಲಾದಿಂದ ಆರಂಭಿಸುವುದಕ್ಕೆ ಕಾರಣವಿದೆ.

ಮೊಹಲ್ಲಾದ ಪಾಠ

ಲಷ್ಕರ್ ಎಂದರೆ ದಂಡು, ಸೈನ್ಯ. ಅಶೋಕ ರಸ್ತೆಯ ಇಕ್ಕೆಲಗಳಲ್ಲಿ ಹರಡಿರುವ ಈ ಮೊಹಲ್ಲಾ ಮೈಸೂರಿನ ಹಳೆಯ ಭಾಗಗಳಲ್ಲೊಂದು. 1933ರಲ್ಲಿ ಶಂಕುಸ್ಥಾಪನೆಯಾದ ಸಂತ ಫಿಲೋಮಿನಾ ಚರ್ಚು ಇದೇ ರಸ್ತೆಯಲ್ಲಿದೆ. ಇಲ್ಲಿನ ಹಳೆಯ ಮನೆಗಳು ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮರದ ತೊಲೆ, ಮಂಗಳೂರು ಹಂಚು ಅಥವಾ ಮದ್ರಾಸ್ ತಾರಸಿ, ಕಬ್ಬಿಣದ ಸರಳು ಹಾಕಿದ ಕಿಟಕಿಗಳಿಂದ ಕಟ್ಟಿದವು.

1898ರಲ್ಲಿ ಮೈಸೂರಿಗೆ ಪ್ಲೇಗ್ ಬಂದಿತು. ಇಲಿಯ ಮೈಮೇಲಿನ ಚಿಗಟದಿಂದ ಹರಡುವ ಆ ರೋಗವು ಗಾಳಿ ಬೆಳಕಿಲ್ಲದ ಒತ್ತೊತ್ತಾದ ಕೇರಿಗಳಲ್ಲಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬಳಿಕ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ರಸ್ತೆಗಳನ್ನು ಅಗಲ ಮಾಡಿ, ಮನೆಗಳ ಹಿಂದೆ ಶುಚಿಕಾರ್ಯಕ್ಕೆಂದೇ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟು, ಮನೆಗೆ ಗಾಳಿ ಬೆಳಕು ಬರಬೇಕೆಂಬ ನಿಯಮ ತಂದುದು ಆ ಅನುಭವದ ಫಲ. ಕಸ ತೆಗೆಯುವವನು ನಡೆದು ಬರಲು ದಾರಿ ಇಲ್ಲದ ಕಡೆ ಕಸ ಉಳಿಯುತ್ತದೆ, ಕಸ ಉಳಿದ ಕಡೆ ಇಲಿ ಬರುತ್ತದೆ, ಇಲಿ ಬಂದ ಕಡೆ ರೋಗ ಬರುತ್ತದೆ. ಒಂದು ನಗರ ಸಾವುನೋವಿನ ನಡುವೆ ಕಲಿತ ಈ ಪಾಠವು ಕೋಳಿ ಒಡ್ಡಿಗೂ ಅಕ್ಷರಶಃ ಅನ್ವಯಿಸುತ್ತದೆ. ಆಳೆತ್ತರದ ಕೋಳಿಮನೆ ಆಡಂಬರವಲ್ಲ. ಕೋಳಿಗಳಿಗಾಗಿ ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಅದು.

ಎರಡನೆಯ ಪಾಠ ಸಾಮಗ್ರಿಗೆ ಸಂಬಂಧಿಸಿದ್ದು. ಲಷ್ಕರ್ ಮೊಹಲ್ಲಾದಂಥ ಹಳೆಯ ಬಡಾವಣೆಗಳಲ್ಲಿ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅಣ್ಣ ತಮ್ಮಂದಿರು ಪಾಲಾದಾಗ, ರಸ್ತೆ ಅಗಲವಾದಾಗ, ಅಂಗಡಿ ಮಳಿಗೆ ಏಳಬೇಕಾದಾಗ ಹಳೆಯ ಮನೆ ನೆಲಸಮವಾಗುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಸುತ್ತಿಗೆಯ ಸಣ್ಣ ಏಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ. ಹಂಚು ಒಂದೊಂದಾಗಿ ಇಳಿಯುತ್ತದೆ. ತೊಲೆ, ಪಕಾಸಿ, ಬಾಗಿಲುವಾಡ, ಕಿಟಕಿ ಎಲ್ಲವೂ ಮತ್ತೆ ಬಳಸುವ ಸ್ಥಿತಿಯಲ್ಲಿಯೇ ಇರುತ್ತವೆ. ಸಿಮೆಂಟಿನಲ್ಲಿ ಕಟ್ಟಿದ ಇಂದಿನ ಮನೆಯನ್ನು ಐವತ್ತು ವರ್ಷದ ನಂತರ ಒಡೆದರೆ ದೊರೆಯುವುದು ಕಬ್ಬಿಣದ ಸರಳು ಮತ್ತು ಬರಿಯ ರಾಶಿ. ಹಳೆಯ ಮನೆಯನ್ನು ಬಿಚ್ಚಬಹುದು, ಹೊಸ ಮನೆಯನ್ನು ಒಡೆಯಬಹುದಷ್ಟೆ. ಕೇರಳದಲ್ಲಿ ನೆಲಸಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಹಳೆಯ ಬಾಗಿಲು ಕಿಟಕಿಗಳನ್ನೂ ತಿರಸ್ಕೃತ ಮಂಗಳೂರು ಹಂಚುಗಳನ್ನೂ ಹೊಸ ಕಟ್ಟಡಗಳಲ್ಲಿ ಬಳಸಿದುದು ಈ ವ್ಯತ್ಯಾಸವನ್ನು ಬಲ್ಲವರಾದುದರಿಂದಲೇ.

ಪೇಟೆಯ ಮನೆಗೆ ತೊಲೆಯಾಗಿ ಹೋದ ಮರ ಎಲ್ಲಿಯೋ ಒಂದು ಕಾಡಿನಲ್ಲಿ ಬೆಳೆದದ್ದೇ. ಅದು ಗುಜರಿಯ ಮೂಲಕ ಸೌದೆಯಾಗಿ ಒಲೆ ಸೇರುವ ಬದಲು ಮತ್ತೆ ಕಾಡಿನ ಅಂಚಿಗೆ ಮರಳಿ ಒಂದು ಸೂರಾಗಿ ನಿಂತರೆ, ಆ ಹೊತ್ತಿಗೆ ಕಾಡಿನಲ್ಲಿ ಕಡಿಯಬೇಕಾಗಿದ್ದ ಗಳಗಳು ಮರವಾಗಿ ಉಳಿಯುತ್ತವೆ. ಇದಕ್ಕಾಗಿ ಬೇರೆ ಲಾರಿ ಮಾಡಿ ಮೈಸೂರಿಗೆ ಹೋಗಬೇಕಾಗಿಲ್ಲ. ಅಡಿಕೆ, ಬಾಳೆ, ಶುಂಠಿ ಇಳಿಸಿ ಬರಿದಾಗಿ ಮರಳುವ ವಾಹನಗಳು ಪ್ರತಿ ಊರಿನಲ್ಲಿವೆ. ಅದಕ್ಕಿಂತ ಮೊದಲು ನಮ್ಮದೇ ಊರಿನಲ್ಲಿ ಬೀಳುತ್ತಿರುವ ಹಳೆಯ ಮನೆ, ಕೊಟ್ಟಿಗೆ, ಶಾಲೆಗಳತ್ತ ಕಣ್ಣು ಹಾಯಿಸಬೇಕು. ಒಂದು ಎಚ್ಚರಿಕೆ: ಹಳೆಯ ಮರವಾದರೂ ಮರವೇ. ಮಾರಿದವರಿಂದ ರಸೀದಿ ಪಡೆದು, ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ತೇಗ, ಬೀಟೆಗಳ ವಿಷಯದಲ್ಲಿ ಇದು ಕಡ್ಡಾಯವೆಂದೇ ಭಾವಿಸಬೇಕು.

ತರಬಹುದಾದುದು, ತರಬಾರದುದು

ಅಗ್ಗವಾಗಿ ಸಿಕ್ಕಿದ್ದೆಲ್ಲವೂ ಕೋಳಿಮನೆಗೆ ಯೋಗ್ಯವಲ್ಲ. ಕೋಳಿ ಕಂಡದ್ದನ್ನೆಲ್ಲ ಕುಕ್ಕಿ ನೋಡುವ ಪ್ರಾಣಿ. ಅದು ಕುಕ್ಕಿದ್ದು ಅದರ ಮೊಟ್ಟೆಗೆ ಬರುತ್ತದೆ, ಮೊಟ್ಟೆ ಮನೆಯ ಮಗುವಿನ ತಟ್ಟೆಗೆ ಬರುತ್ತದೆ.

ಮೊದಲನೆಯ ಅಪಾಯ ಹಳೆಯ ಬಣ್ಣ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದರು. ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರಲ್ಲಿ. ಅಂದರೆ ಅದಕ್ಕಿಂತ ಹಿಂದಿನ, ಪದರಪದರವಾಗಿ ಏಳುತ್ತಿರುವ ಹಸಿರು ಹಳದಿ ಬಣ್ಣದ ಬಾಗಿಲನ್ನು ಸೀಸವುಳ್ಳದ್ದೆಂದೇ ತಿಳಿಯಬೇಕು. ಅದರ ಚಕ್ಕೆ ತಿಂದ ಹೇಂಟೆಯ ಮೊಟ್ಟೆಯಲ್ಲಿ ಸೀಸ ಸೇರುತ್ತದೆ. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಂತಹ ಮರವನ್ನು ಒಣಗಿದ್ದಾಗ ಉಜ್ಜಬಾರದು, ಸುಡಲೂಬಾರದು. ಧೂಳು ಮತ್ತು ಹೊಗೆಯ ಮೂಲಕ ವಿಷ ಮನುಷ್ಯನ ಶ್ವಾಸಕೋಶಕ್ಕೇ ಹೋಗುತ್ತದೆ. ಬಣ್ಣವಿಲ್ಲದ, ಎಣ್ಣೆ ಸವರಿದ ಮರವನ್ನೇ ಆರಿಸುವುದು ಸುಲಭದ ದಾರಿ. ತೊಲೆ, ಪಕಾಸಿ, ರೀಪುಗಳಿಗೆ ಸಾಮಾನ್ಯವಾಗಿ ಬಣ್ಣ ಬಳಿದಿರುವುದಿಲ್ಲ.

ಎರಡನೆಯದು ಕಲ್ನಾರಿನ ಶೀಟು. ಒಡೆದ ಶೀಟಿನ ತುಂಡುಗಳು ಬಿಟ್ಟಿಯಾಗಿ ಸಿಗುತ್ತವೆ. ಅದನ್ನು ಕೊಯ್ದಾಗ, ತೂತು ಕೊರೆದಾಗ ಏಳುವ ಕಣ್ಣಿಗೆ ಕಾಣದ ನಾರು ಶ್ವಾಸಕೋಶದಲ್ಲಿ ನೆಲಸಿ ಹಲವು ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲದು. ಬಿಟ್ಟಿ ಸಿಕ್ಕರೂ ಬೇಡ.

ಮೂರನೆಯದು ಹಳೆಯ ರೈಲ್ವೆ ಸ್ಲೀಪರು. ಗಟ್ಟಿಮುಟ್ಟಾಗಿ ಕಾಣುವ ಈ ಮರ ಗೆದ್ದಲು ಹಿಡಿಯದಂತೆ ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆಯನ್ನು ಕುಡಿದಿರುತ್ತದೆ. ಬಿಸಿಲಿಗೆ ಡಾಂಬರಿನ ವಾಸನೆ ಬರುವ ಮರ ಕೋಳಿಮನೆಗೆ ಸಲ್ಲದು. ನಾಲ್ಕನೆಯದು ಕೀಟನಾಶಕ, ಕಳೆನಾಶಕಗಳ ಡಬ್ಬಿ ಮತ್ತು ಡ್ರಮ್ಮು. ಎಷ್ಟು ತೊಳೆದರೂ ಅವು ನೀರಿನ ಪಾತ್ರೆಯಾಗಲಾರವು. ಮನೆ ಒಡೆದ ಮಣ್ಣನ್ನು ಕೋಳಿಮನೆಯ ನೆಲಕ್ಕೆ ಮೇಲ್ಪದರವಾಗಿ ಹರಡುವುದೂ ಸರಿಯಲ್ಲ. ಅದರಲ್ಲಿ ಬಣ್ಣದ ಚಕ್ಕೆ, ಗಾಜು, ಮೊಳೆ ಎಲ್ಲವೂ ಇರುತ್ತವೆ.

ತರಬಹುದಾದ ಸಾಮಗ್ರಿಯ ಪಟ್ಟಿ ಇದಕ್ಕಿಂತ ಉದ್ದವಾಗಿದೆ. ಮರವನ್ನು ಕೊಳ್ಳುವ ಮುನ್ನ ಚೂಪಾದ ಕಬ್ಬಿಣದಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಸುಲಭವಾಗಿ ಒಳಹೊಕ್ಕರೆ ಒಳಗೆ ಗೆದ್ದಲು ತಿಂದಿದೆ ಎಂದರ್ಥ. ತುದಿಗಳೇ ಮೊದಲು ಕೊಳೆಯುತ್ತವೆ. ತುದಿಯಲ್ಲಿ ಒಂದು ಅಡಿ ಕತ್ತರಿಸಿದರೆ ನಡುವಿನ ಮರ ಬಹುಮಟ್ಟಿಗೆ ಗಟ್ಟಿಯಾಗಿಯೇ ಇರುತ್ತದೆ. ಹಂಚನ್ನು ಬೆರಳಗೆಣ್ಣಿನಿಂದ ತಟ್ಟಬೇಕು; ಗಂಟೆಯಂತೆ ಸ್ವರ ಬಂದರೆ ಒಳ್ಳೆಯ ಹಂಚು, ಬೊದ್ದು ಶಬ್ದ ಬಂದರೆ ಬಿರುಕಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದುದು 1865ರಲ್ಲಿ. ಆ ಬಳಿಕ ಹಲವು ಕಾರ್ಖಾನೆಗಳು ಬಂದವು, ಪ್ರತಿಯೊಂದೂ ತನ್ನ ಮುದ್ರೆಯನ್ನು ಹಂಚಿನ ಮೇಲೆ ಒತ್ತುತ್ತಿತ್ತು. ಒಂದು ಮುದ್ರೆಯ ಹಂಚಿನ ತೋಡು ಇನ್ನೊಂದು ಮುದ್ರೆಯ ಹಂಚಿಗೆ ಸರಿಯಾಗಿ ಕೂರದೆ ಹೋಗುವುದುಂಟು. ಆದುದರಿಂದ ಒಂದು ಇಳಿಜಾರಿಗಾದರೂ ಒಂದೇ ಮುದ್ರೆಯ ಹಂಚನ್ನು ಆರಿಸಬೇಕು. ಇದನ್ನು ಕಡೆಗಣಿಸಿದರೆ ಮೊದಲ ಮಳೆಗೇ ತಿಳಿಯುತ್ತದೆ.

ಹಳೆಯ ಮರದ ಬಿರುಕುಗಳಲ್ಲಿ ರಕ್ತ ಹೀರುವ ನುಸಿಗಳು ಅಡಗಿರಬಹುದು. ಇವು ಹಗಲು ಸಂದಿಯಲ್ಲಿದ್ದು ರಾತ್ರಿ ಹೊರಬಂದು ಮಲಗಿದ ಕೋಳಿಯ ರಕ್ತ ಹೀರುತ್ತವೆ. ತಂದ ಮರಕ್ಕೆ ಕುದಿಯುವ ನೀರು ಹೊಯ್ದು, ಕೆಲವು ದಿನ ಬಿರುಬಿಸಿಲಿಗೆ ಒಡ್ಡಿ, ಜೋಡಿಸಿದ ನಂತರ ಸಂದಿಗಳಿಗೆ ಗಟ್ಟಿಯಾಗಿ ಸುಣ್ಣ ಬಳಿಯುವುದು ಹಿರಿಯರ ಕ್ರಮ; ಇಂದಿಗೂ ಅದಕ್ಕಿಂತ ಅಗ್ಗದ ಉಪಾಯವಿಲ್ಲ. ಮೊಳೆ ಕೀಳುವಾಗ ಒಂದೊಂದನ್ನೂ ಎಣಿಸಿ ಡಬ್ಬಕ್ಕೆ ಹಾಕಬೇಕು. ಕೆಲಸ ಮುಗಿದ ಮೇಲೆ ಕೆಟ್ಟ ಲೌಡ್‌ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆದರೆ ಉಳಿದ ಮೊಳೆಗಳು ಸಿಗುತ್ತವೆ. ಇದು ಶಾಲಾಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ. ತುಕ್ಕುಮೊಳೆ ತಾಗಿದವರು ಧನುರ್ವಾಯುವಿನ ಚುಚ್ಚುಮದ್ದಿನ ವಿಷಯದಲ್ಲಿ ಉದಾಸೀನ ಮಾಡಬಾರದು.

ಅಳತೆ ಮತ್ತು ಕಟ್ಟುವ ಕ್ರಮ

ಇಪ್ಪತ್ತು ಕೋಳಿಗಳ ಸಂಸಾರವನ್ನು ಲೆಕ್ಕಕ್ಕೆ ಹಿಡಿಯೋಣ. ರಾತ್ರಿ ಮಲಗುವುದಕ್ಕಷ್ಟೇ ಆದರೆ ಕೋಳಿಯೊಂದಕ್ಕೆ ಎರಡು ಚದರ ಅಡಿ ಸಾಕು. ಆದರೆ ಮಲೆನಾಡಿನ ಆಷಾಢದಲ್ಲಿ ದಿನಗಟ್ಟಲೆ ಕೋಳಿ ಹೊರಗೆ ಕಾಲಿಡುವುದಿಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರ್ ಆಸುಪಾಸಿನದು. ಆಗುಂಬೆಯಲ್ಲಿ ಅದು 7000 ಮಿಲಿಮೀಟರ್ ದಾಟುತ್ತದೆ. ಪೇಟೆಯ ಪುಸ್ತಕದ ಅಳತೆ ಇಲ್ಲಿಗೆ ಒಗ್ಗುವುದಿಲ್ಲ. ಕೋಳಿಗೆ ನಾಲ್ಕು ಚದರ ಅಡಿಯಂತೆ 80 ಚದರ ಅಡಿ, ಅಂದರೆ 10 ಅಡಿ ಉದ್ದ, 8 ಅಡಿ ಅಗಲದ ಮನೆ ಬೇಕು. ಉದ್ದದ ಬದಿ ಪೂರ್ವ ಪಶ್ಚಿಮವಾಗಿರಲಿ. ಆಗ ಬೆಳಗಿನ ಸಂಜೆಯ ಓರೆಬಿಸಿಲು ಕಿರಿದಾದ ಗೋಡೆಗೆ ಮಾತ್ರ ಬೀಳುತ್ತದೆ.

ನೆಲವು ಸುತ್ತಲಿನ ಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರದಲ್ಲಿರಬೇಕು. ಹಳೆಯ ಜಂಬಿಟ್ಟಿಗೆ ಅಥವಾ ಸುಣ್ಣದ ಗಾರೆಯ ಇಟ್ಟಿಗೆಯಿಂದ ಪಂಚಾಂಗ ಕಟ್ಟಿ, ಒಳಗೆ ಕಲ್ಲುಚೂರು, ಮೇಲೆ ಗಟ್ಟಿಸಿದ ಮಣ್ಣು ಹಾಕಬಹುದು. ಕಂಬವನ್ನು ನೆಲದಲ್ಲಿ ಹೂಳಬಾರದು. ಮಲೆನಾಡಿನ ಹಳೆಯ ಮನೆಗಳ ಕಂಬಗಳು ಕಲ್ಲಿನ ಅಡಿಪೀಠದ ಮೇಲೆ ನಿಂತುದರಿಂದಲೇ ಇಷ್ಟು ಕಾಲ ಬಾಳಿದವು. ಆರು ಕಂಬ ಸಾಕು, ಉದ್ದದ ಬದಿಗೆ ಮೂರು ಮೂರು. ಗಾಳಿಗೆ ಸೂರು ಏಳದಂತೆ ಕಂಬದ ಬುಡವನ್ನು ಕಬ್ಬಿಣದ ಪಟ್ಟಿಯಿಂದ ಪಂಚಾಂಗಕ್ಕೆ ಬಿಗಿಯಬೇಕು.

ಮಾಡಿನ ಇಳಿಜಾರು ಮೂರು ಅಡಿ ಅಡ್ಡಳತೆಗೆ ಎರಡು ಅಡಿ ಏರಿನಂತಿರಲಿ. ಕಂಬದ ಎತ್ತರ 6 ಅಡಿ ಇಟ್ಟರೆ ನಡುವಿನ ಏಣು ನೆಲದಿಂದ 8 ಅಡಿ 8 ಅಂಗುಲಕ್ಕೆ ಬರುತ್ತದೆ. ಇರಚಲು ಒಳಗೆ ಬಾರದಂತೆ ಸೂರನ್ನು ಎರಡೂ ಬದಿಗೆ ಎರಡೂವರೆ ಅಡಿ ಹೊರಚಾಚಬೇಕು. ಹಾಗೆ ಚಾಚಿದಾಗ ಸೂರಿನ ಅಂಚು 4 ಅಡಿ 4 ಅಂಗುಲಕ್ಕೆ ಇಳಿಯುತ್ತದೆ. ಹಲವರು ಎಡವುವುದು ಇಲ್ಲಿಯೇ. ಬಾಗಿಲನ್ನು ಉದ್ದದ ಬದಿಗೆ ಇಟ್ಟರೆ ದಿನವೂ ತಲೆ ತಗ್ಗಿಸಿ ಹೋಗಬೇಕು, ಆಳೆತ್ತರದ ಮನೆ ಕಟ್ಟಿಯೂ ಪ್ರಯೋಜನವಿಲ್ಲ. ಬಾಗಿಲು ಕಿರಿದಾದ ಬದಿಯಲ್ಲಿ, ತ್ರಿಕೋನದ ಗೋಡೆಯ ಕೆಳಗೆ ಇರಬೇಕು. ಹಳೆಯ ಮನೆಯ ಒಂಟಿ ಕದದ ಬಾಗಿಲು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಹೊಸ್ತಿಲನ್ನು ಮಾತ್ರ ಎತ್ತರವಾಗಿ ಬಿಡಬಾರದು. ಗೊಬ್ಬರದ ಕೈಗಾಡಿ ದಾಟುವಂತಿರಬೇಕು.

ಈ ಅಳತೆಗೆ, ಕಿರಿದಾದ ಬದಿಗಳಲ್ಲಿಯೂ ಒಂದೂವರೆ ಅಡಿ ಸೂರು ಬಿಟ್ಟರೆ, ಮಾಡಿನ ಒಟ್ಟು ವಿಸ್ತೀರ್ಣ ಸುಮಾರು 200 ಚದರ ಅಡಿ. ಚದರ ಮೀಟರಿಗೆ 15 ಹಂಚಿನಂತೆ 280ರಷ್ಟು ಹಂಚು ಬೇಕು. ಒಡೆಯುವುದನ್ನು ಸೇರಿಸಿ 320 ತರುವುದು ಕ್ಷೇಮ. ಹಂಚೊಂದು ಎರಡೂವರೆ ಕಿಲೋ ತೂಗಿದರೆ ಒಟ್ಟು ಭಾರ 700 ಕಿಲೋ, ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ತೆಳುವಾದ ಗಳಗಳ ಮೇಲೆ ಈ ಭಾರ ಹೇರಲಾಗದು. ಹಳೆಯ ಮನೆಯ ಪಕಾಸಿಗಳೇ ಇದಕ್ಕೆ ತಕ್ಕವು. ರೀಪಿನ ಅಂತರವನ್ನು ಪುಸ್ತಕ ನೋಡಿ ಇಡದೆ, ತಂದ ಹಂಚನ್ನೇ ಎರಡು ಸಾಲು ಜೋಡಿಸಿ ಅಳೆದು ಇಡಬೇಕು. ವಿದ್ಯಾರ್ಥಿಗಳು ಈ ಲೆಕ್ಕಗಳನ್ನು ತಮ್ಮ ಮನೆಯ ಮಾಡಿಗೆ ಅನ್ವಯಿಸಿ ನೋಡಬಹುದು. ಕರಿಹಲಗೆಯ ಮೇಲಿನ ರೇಖಾಗಣಿತವು ಮಾಡಿನ ಮೇಲೆ ಎಷ್ಟು ಉಪಯೋಗಕ್ಕೆ ಬರುತ್ತದೆಂಬುದು ಆಗ ತಿಳಿಯುತ್ತದೆ.

ಗೋಡೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಕೋಳಿಗೆ ಚಳಿಗಿಂತ ಉಸಿರುಗಟ್ಟುವ ಗಾಳಿಯೇ ದೊಡ್ಡ ಶತ್ರು. ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯ ಕಣ್ಣು, ಶ್ವಾಸನಾಳಗಳನ್ನು ಸುಟ್ಟು ರೋಗಕ್ಕೆ ದಾರಿ ಮಾಡುತ್ತದೆ. ಒಳಹೊಕ್ಕ ಮನುಷ್ಯನ ಮೂಗಿಗೆ ಘಾಟು ತಗುಲಿದರೆ, ಕೋಳಿಯ ಮಟ್ಟದಲ್ಲಿ ಅದು ಆಗಲೇ ಮಿತಿ ಮೀರಿದೆ. ಮಳೆಗಾಳಿ ಬೀಸುವ ನೈರುತ್ಯದ ಬದಿಯನ್ನು ಇಟ್ಟಿಗೆ ಅಥವಾ ಹಲಗೆಯಿಂದ ಮುಚ್ಚಿ, ಉತ್ತರ ಪೂರ್ವದ ಬದಿಗಳನ್ನು ಎರಡು ಅಡಿ ಗೋಡೆಯ ಮೇಲೆ ಬಲೆಗೆ ಬಿಡಬೇಕು. ಎರಡೂ ತ್ರಿಕೋನಗಳ ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ತೆರಪಿರಬೇಕು. ಲಷ್ಕರ್ ಮೊಹಲ್ಲಾದ ಮನೆಗಳಲ್ಲಿರುವಂತಹ ಸರಳಿನ ಕಿಟಕಿಗಳು ಸಿಕ್ಕರೆ ಅವೇ ಸಿದ್ಧವಾದ ಗೋಡೆ. ಸರಳಿನ ಹಿಂದೆ ಬಲೆ ಹೊಡೆಯಲು ಮರೆಯಬಾರದು.

ಬಲೆಯಲ್ಲಿಯೂ ಎರಡು ಜಾತಿ. ಆರು ಮೂಲೆಯ ಕಣ್ಣುಳ್ಳ ತೆಳುವಾದ ಕೋಳಿಬಲೆ ಕೋಳಿ ಹೊರಹೋಗದಂತೆ ತಡೆಯುತ್ತದೆಯೇ ಹೊರತು ಶತ್ರು ಒಳಬರದಂತೆ ತಡೆಯುವುದಿಲ್ಲ. ನಾಯಿ ಅದನ್ನು ಹರಿಯಬಲ್ಲದು, ಮುಂಗುಸಿ ಸಡಿಲವಾದ ಅಂಚಿನಲ್ಲಿ ನುಸುಳಬಲ್ಲದು. ಕೆಳಗಿನ ಮೂರು ಅಡಿಗಾದರೂ ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಬಲೆ ಬೇಕು. ಈ ಬಲೆಯನ್ನು ಮಾತ್ರ ಹೊಸದಾಗಿ ಕೊಳ್ಳುವುದೇ ಮೇಲು. ತುಕ್ಕು ಹಿಡಿದ ಹಳೆಯ ಬಲೆ ಒಂದು ರಾತ್ರಿಯಲ್ಲಿ ಇಡೀ ಹಿಂಡನ್ನು ಕಳೆಯಬಲ್ಲದು. ಹೊರಗಡೆ ಪಂಚಾಂಗದ ಸುತ್ತ ಒಂದೂವರೆ ಅಡಿ ಅಗಲದ ಬಲೆಯನ್ನು ನೆಲದ ಮೇಲೆ ಹಾಸಿ ಮಣ್ಣು ಕಲ್ಲು ಮುಚ್ಚಿದರೆ, ಬುಡದಲ್ಲಿ ತೋಡಲು ಬಂದ ಪ್ರಾಣಿ ಬಲೆಗೆ ತಾಗಿ ಹಿಂದಿರುಗುತ್ತದೆ. ಕಾಡುಬೆಕ್ಕು, ಪುನುಗುಬೆಕ್ಕು, ಮುಂಗುಸಿ, ಉಡ, ಕೇರೆಹಾವು ಇವೆಲ್ಲ ಮಲೆನಾಡಿನ ಸಹಜ ನಿವಾಸಿಗಳು. ಅವುಗಳಿಗೆ ಉರುಳು, ವಿಷ ಇಡುವುದು ಕಾನೂನಿನ ಪ್ರಕಾರ ಅಪರಾಧ, ಪ್ರಕೃತಿಯ ದೃಷ್ಟಿಯಿಂದ ಮೂರ್ಖತನ. ಕೇರೆಯನ್ನು ಕೊಂದವನ ಕಣಜಕ್ಕೆ ಇಲಿ ಬರುತ್ತದೆ. ಗಟ್ಟಿಯಾದ ಕೋಳಿಮನೆಯೊಂದು ಕೋಳಿಯನ್ನೂ ಕಾಡುಬೆಕ್ಕನ್ನೂ ಒಟ್ಟಿಗೆ ಉಳಿಸುತ್ತದೆ.

ಒಳಗಿನ ವ್ಯವಸ್ಥೆ ಹೆಚ್ಚಿನದಲ್ಲ. ಕೂರುಗಳ ಎರಡು ಅಂಗುಲ ಅಗಲವಿದ್ದು ಅಂಚು ದುಂಡಾಗಿರಬೇಕು. 8 ಅಡಿ ಅಗಲಕ್ಕೆ ಎರಡು ಗಳ ಅಡ್ಡಹಾಕಿದರೆ 16 ಅಡಿ ದೊರೆತು ಕೋಳಿಯೊಂದಕ್ಕೆ ಒಂಬತ್ತು ಅಂಗುಲಕ್ಕಿಂತ ಹೆಚ್ಚು ಜಾಗವಾಗುತ್ತದೆ. ಎರಡೂ ಒಂದೇ ಎತ್ತರದಲ್ಲಿರಲಿ. ಮೆಟ್ಟಿಲಿನಂತೆ ಇಟ್ಟರೆ ಮೇಲಿನ ಗಳಕ್ಕಾಗಿ ಪ್ರತಿ ಸಂಜೆ ಜಗಳ. ನಾಟಿ ಕೋಳಿಗೆ ಎರಡೂವರೆ ಅಡಿ ಎತ್ತರವಾದರೂ ಸರಿ, ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜದಂತಹ ಭಾರದ ತಳಿಗೆ ಒಂದೂವರೆ ಅಡಿಯೇ ಸಾಕು. ಎತ್ತರದಿಂದ ಹಾರಿದರೆ ಅದರ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ. ನಾಲ್ಕು ಹೇಂಟೆಗಳಿಗೆ ಒಂದರಂತೆ ಐದು ಮೊಟ್ಟೆಗೂಡು ಬೇಕು, ಒಂದೊಂದೂ ಒಂದು ಅಡಿ ಚೌಕ. ಹಳೆಯ ಅಂಗಡಿ ಮೇಜಿನ ಡ್ರಾಯರುಗಳು ಇದಕ್ಕೆ ಒಳ್ಳೆಯವು. ಸಣ್ಣ ನಾಟಿ ಹೇಂಟೆಗಾದರೆ 15 ಕಿಲೋ ಎಣ್ಣೆಯ ಡಬ್ಬವನ್ನು ಅಡ್ಡ ಮಲಗಿಸಿ, ಚೂಪಾದ ಅಂಚನ್ನು ಮಡಚಿ ಬಡಿದು ಬಳಸಬಹುದು.

ಸಾಧ್ಯವಾದಲ್ಲೆಲ್ಲ ಮೊಳೆಯ ಬದಲು ಬೋಲ್ಟು ಬಳಸಬೇಕು. ಹತ್ತು ವರ್ಷದ ಬಳಿಕ ಜಾಗ ಬದಲಿಸಬೇಕಾದಾಗ ಈ ಮನೆಯನ್ನೂ ಬಿಚ್ಚುವಂತಿರಬೇಕು. ಬಿಚ್ಚಲು ಬರುವ ಮನೆಯಿಂದ ಉಪಕಾರ ಪಡೆದವನು ಬಿಚ್ಚಲು ಬಾರದ ಮನೆ ಕಟ್ಟುವುದು ನ್ಯಾಯವಲ್ಲ.

ಹಾಸು, ಉಣ್ಣೆ, ರೋಗ

ನೆಲಕ್ಕೆ ನಾಲ್ಕು ಅಂಗುಲ ಒಣಹಾಸು ಬೇಕು. ಇಲ್ಲಿ ಮಲೆನಾಡಿನವರು ವಿಶೇಷವಾಗಿ ಎಚ್ಚರ ವಹಿಸಬೇಕು. ಕೊಟ್ಟಿಗೆಗೆ ಕಾಡಿನ ದರಗು ತರುವ ರೂಢಿಯಂತೆ ಕೋಳಿಮನೆಗೂ ದರಗು ಹಾಸುವವರಿದ್ದಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆ. ಬೇಸಿಗೆಯ ಮುನ್ನ ಒಣ ಎಲೆಗಳ ನಡುವೆ ಆ ಉಣ್ಣೆಯ ಮರಿಗಳು ಕಾದಿರುತ್ತವೆ. ಕಾಡಿನ ದರಗನ್ನು ಹೊತ್ತು ತಂದವನು ಉಣ್ಣೆಯನ್ನೂ ಮನೆಯ ಅಂಗಳಕ್ಕೆ ತಂದಂತೆ. ಕಾಯಿಲೆಯ ಇತಿಹಾಸವುಳ್ಳ ಊರುಗಳಲ್ಲಿ ಭತ್ತದ ಉಮಿ, ಮರದ ಗರಗಸದ ಹೊಟ್ಟು ಅಥವಾ ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆಯನ್ನೇ ಹಾಸಬೇಕು. ನವೆಂಬರಿನಿಂದ ಮೇ ತಿಂಗಳವರೆಗಂತೂ ಈ ನಿಯಮವನ್ನು ಮೀರಕೂಡದು.

ಹಾಸನ್ನು ವಾರಕ್ಕೊಮ್ಮೆ ಗುದ್ದಲಿಯಿಂದ ಮಗುಚಬೇಕು. ನಿಂತು ಗುದ್ದಲಿ ಬೀಸಲು ಜಾಗವಿದ್ದರೆ ಇದು ಕಾಲು ಗಂಟೆಯ ಕೆಲಸ. ತಗ್ಗಿನ ಒಡ್ಡಿಯಲ್ಲಿ ಇದು ಆಗದ ಮಾತು. ಹಿಡಿ ಹಾಸನ್ನು ಅಂಗೈಯಲ್ಲಿ ಹಿಚುಕಿದಾಗ ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ. ಸಡಿಲಿಸಿದ ಕೂಡಲೇ ಉದುರಿದರೆ ಸರಿಯಾಗಿದೆ. ತೆಗೆದ ಹಾಸು ದನದ ಗೊಬ್ಬರಕ್ಕಿಂತ ಸಾರಜನಕ ಹೆಚ್ಚುಳ್ಳದ್ದು. ಅದನ್ನು ಹಸಿಯಾಗಿ ಅಡಿಕೆ, ಕಾಳುಮೆಣಸಿನ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಸೊಪ್ಪು ಸಗಣಿಯೊಡನೆ ಗುಂಡಿಯಲ್ಲಿ ಕಳಿಸಿ ಬಳಸಬೇಕು.

ಆಳೆತ್ತರದ ಮನೆಯ ಬಹುದೊಡ್ಡ ಲಾಭ ರೋಗದ ಕಾಲದಲ್ಲಿ ತಿಳಿಯುತ್ತದೆ. ಹಳ್ಳಿಯ ಕೋಳಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗಕ್ಕೆ ಚಿಕಿತ್ಸೆಯಿಲ್ಲ, ಲಸಿಕೆ ಇದೆ. ಮರಿಗೆ 5ರಿಂದ 7ನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದಲ್ಲಿ ಒಂದು ಚುಚ್ಚುಮದ್ದು, ಮುಂದೆ ಪಶುವೈದ್ಯರ ಸಲಹೆಯಂತೆ. ಲಸಿಕೆ ದೊರೆಯುತ್ತದೆ, ಆದರೆ ಮರದ ಮೇಲೆ ಮಲಗುವ ಕೋಳಿಯನ್ನು ಹಿಡಿಯುವವರು ಯಾರು? ರಾತ್ರಿ ಕೂರುಗಳದ ಮೇಲೆ ಸಾಲಾಗಿ ಕುಳಿತ ಕೋಳಿಗಳ ನಡುವೆ ಒಬ್ಬರು ದೀಪ ಹಿಡಿದು, ಒಬ್ಬರು ಲಸಿಕೆ ಹಿಡಿದು ನಡೆದುಹೋದರೆ ಅರ್ಧ ಗಂಟೆಯಲ್ಲಿ ಇಡೀ ಹಿಂಡಿಗೆ ಲಸಿಕೆಯಾಗುತ್ತದೆ.

ಹಕ್ಕಿಜ್ವರದ ಕಥೆ ಇನ್ನೂ ಕಠಿಣವಾದದ್ದು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರ್ಕಾರದ ಕುಕ್ಕುಟ ಕೇಂದ್ರದಲ್ಲಿ, 2020ರ ಮಾರ್ಚಿಯಲ್ಲಿ ಮೈಸೂರು ನಗರದ ಕುಂಬಾರಕೊಪ್ಪಲಿನಲ್ಲಿ ಅದು ದೃಢಪಟ್ಟಿತು. ಹಾಗಾದಾಗ ಸುತ್ತಲಿನ ಒಂದು ಕಿಲೋಮೀಟರ್ ವ್ಯಾಪ್ತಿಯ ಎಲ್ಲ ಸಾಕುಹಕ್ಕಿಗಳನ್ನು ಕೊಲ್ಲಬೇಕೆಂಬುದು ಸರ್ಕಾರದ ಕ್ರಮ. ಹಿತ್ತಲಲ್ಲಿ ನಾಲ್ಕು ಹೇಂಟೆ ಸಾಕಿದ ಮನೆಯವರಿಗೂ ಅದರಿಂದ ವಿನಾಯಿತಿ ಇಲ್ಲ. ಕಾಡಿನ, ಕೆರೆಯ ಹಕ್ಕಿಗಳೊಡನೆ ನೀರು ಮೇವು ಹಂಚಿಕೊಳ್ಳದಂತೆ ಕೋಳಿಗಳ ನೀರು ಕಾಳುಗಳನ್ನು ಬಲೆಯೊಳಗೇ ಇಡುವುದು, ಬಾಗಿಲಲ್ಲಿ ಸುಣ್ಣದ ತಟ್ಟೆ ಇಡುವುದು, ಕೋಳಿಮನೆಗೆಂದೇ ಬೇರೆ ಚಪ್ಪಲಿ ಇಡುವುದು ಇವು ಖರ್ಚಿಲ್ಲದ ರಕ್ಷಣೆಗಳು. ಒಮ್ಮೆಗೇ ಹಲವು ಕೋಳಿ ಸತ್ತರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಬೇಕು. ಸತ್ತದ್ದನ್ನು ಹಳ್ಳಕ್ಕೆ ಎಸೆಯುವುದು ಕೆಳಗಿನ ಊರಿಗೆ ರೋಗ ಕಳಿಸಿದಂತೆ.

ಬಂಧುಗಳೇ, ಪರಿಸರ ಚಳವಳಿ ಎಂದಾಗ ದೊಡ್ಡ ಅಣೆಕಟ್ಟು, ದೊಡ್ಡ ಗಣಿಗಳೇ ನೆನಪಿಗೆ ಬರುತ್ತವೆ. ಅವುಗಳ ವಿರುದ್ಧ ನಿಲ್ಲುವುದು ಅಗತ್ಯ. ಆದರೆ ತನ್ನ ಹಿತ್ತಲಿನ ಒಡ್ಡಿಗಾಗಿ ಪ್ರತಿ ಮೂರು ವರ್ಷಕ್ಕೊಮ್ಮೆ ಕಾಡಿನಿಂದ ಎಳೆಯ ಗಳಗಳನ್ನು ಕಡಿದು ತರುವ ಊರಿನ ಮಾತಿಗೆ ತೂಕ ಕಡಿಮೆಯಾಗುತ್ತದೆ. ಈ ಬೇಸಿಗೆಯಲ್ಲಿ ಪ್ರತಿ ಊರಿನಲ್ಲಿ ಒಂದು ಕೋಳಿಮನೆಯನ್ನಾದರೂ ಹಳೆಯ ಸಾಮಗ್ರಿಯಿಂದ ಕಟ್ಟಬಹುದು. ವಿದ್ಯಾರ್ಥಿಗಳು ಊರಿನ ಬೀಳುಮನೆಗಳ ಪಟ್ಟಿ ಮಾಡಲಿ: ಯಾವ ಮನೆಯಲ್ಲಿ ಎಷ್ಟು ಹಂಚು, ಯಾವ ಮುದ್ರೆಯದು, ಎಷ್ಟು ಪಕಾಸಿ, ಬಣ್ಣ ಬಳಿದದ್ದೋ ಅಲ್ಲವೋ. ಹಿರಿಯರು ಬಡಗಿಯ ಕೆಲಸ ಕಲಿಸಲಿ. ಅಳತೆ ನಿರ್ಧರಿಸುವಾಗ ಮಾತ್ರ, ದಿನವೂ ಆ ಮನೆಯೊಳಗೆ ಪೊರಕೆ ಹಿಡಿದು ಹೋಗಬೇಕಾದ ತಾಯಿಯನ್ನೋ ಅಜ್ಜಿಯನ್ನೋ ನಡುವೆ ನಿಲ್ಲಿಸಿ, ಕೈ ಮೇಲೆತ್ತಿ ತೋರಿಸುವಂತೆ ಕೇಳಬೇಕು. ಆ ಕೈ ತೊಲೆಗೆ ತಾಗದಿದ್ದರೆ ಎತ್ತರ ಸರಿಯಾಗಿದೆ ಎಂದು ತಿಳಿಯಬಹುದು; ತಾಗಿದರೆ ಕಂಬದ ಕೆಳಗೆ ಇನ್ನೊಂದು ಕಲ್ಲು ಇಡಬೇಕು.